ನಾಡಿಲ್ಲದವರ ಪರವಾಗಿ ಚಿಂತಿಸಿದ ಹನ್ನಾ ಅರೆಂಟ್

ಯುದ್ಧದ ಝಳ ಯುದ್ಧಭೂಮಿಯಲ್ಲಷ್ಟೇ ಉಳಿಯುವುದಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನ ಸುಮಾರು 1,200 ಮಂದಿ ಹತರಾದರು. 250ರಷ್ಟು ಮಂದಿ ಒತ್ತೆಯಾಳುಗಳಾದರು. ಅನಂತರ ಗಾಜಾದ ಮೇಲೆ ಇಸ್ರೇಲ್ ನಡೆಸಿದ ಯುದ್ಧದಲ್ಲಿ ಹತ್ತಾರು ಸಾವಿರ ಪ್ಯಾಲೆಸ್ತೀನಿಯರು ಪ್ರಾಣ ಕಳೆದುಕೊಂಡರು. ದಾಳಿ ನಡೆದು ಒಂದು ವಾರವಾಗುವಷ್ಟರಲ್ಲಿ, ಅಲ್ಲಿಂದ ಸಾವಿರಾರು ಮೈಲಿ ದೂರದ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಪ್ಯಾಲೆಸ್ತೀನಿ ಮೂಲದ ಆರು ವರ್ಷದ ಬಾಲಕನೊಬ್ಬನನ್ನು ಆ ಮನೆಯ ಮಾಲೀಕನೇ ಇರಿದು ಕೊಂದನು. ಅದು ದ್ವೇಷಾಪರಾಧವೆಂದು 2025ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. ಅದೇ 2025ರ ಅಕ್ಟೋಬರ್ 2ರಂದು, ಯಹೂದಿಗಳ ಪವಿತ್ರ ದಿನವಾದ ಯೋಮ್ ಕಿಪ್ಪುರ್‌ನಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸಿನಗಾಗ್ ಒಂದರ ಮೇಲೆ ದಾಳಿಯಾಗಿ, ಪ್ರಾರ್ಥನೆಗೆಂದು ಬಂದಿದ್ದ ಇಬ್ಬರು ಮೃತಪಟ್ಟರು. ಆ ಬಾಲಕನಾಗಲಿ ಈ ಭಕ್ತರಾಗಲಿ ಯಾವ ಯುದ್ಧವನ್ನೂ ಮಾಡಿದವರಲ್ಲ.

ಎಲ್ಲೋ ನಡೆಯುವ ಯುದ್ಧಕ್ಕೆ ಇನ್ನೆಲ್ಲೋ ಬದುಕುತ್ತಿರುವ ಅದೇ ಕುಲದವರು, ಅದೇ ಭಾಷೆಯವರು ಏಕೆ ಬೆಲೆ ತೆರಬೇಕು? ಪ್ರೌಢಶಾಲೆಯ ಮಕ್ಕಳು ಕೇಳಬಹುದಾದ, ಕೇಳಲೇಬೇಕಾದ ಪ್ರಶ್ನೆಯಿದು. ಇದನ್ನು ಜೀವನಪರ್ಯಂತ ಹೊತ್ತು ನಡೆದ ಚಿಂತಕಿಯೊಬ್ಬರ ಬದುಕನ್ನು ನಮ್ಮ ಓದುಗ ಕುಟುಂಬಗಳಿಗೆ ಪರಿಚಯಿಸಲು ನಾವು ಬಯಸುತ್ತೇವೆ. ಅವರೇ ಹನ್ನಾ ಅರೆಂಟ್. ಯಹೂದಿ ಕುಲದಲ್ಲಿ ಹುಟ್ಟಿ, ಹದಿನೆಂಟು ವರ್ಷ ಯಾವ ದೇಶದ ಪ್ರಜೆಯೂ ಆಗಿರದೆ ಬಾಳಿದವರು. ತಮ್ಮವರಿಗೊಂದು ನೆಲೆ ಸಿಗಬೇಕೆಂದು ದುಡಿದವರು. ಆ ನೆಲೆಗಾಗಿ ನಡೆದ ಯುದ್ಧ ಮತ್ತೊಂದು ಜನಾಂಗವನ್ನು ನೆಲೆಯಿಲ್ಲದಂತೆ ಮಾಡಿತೆಂದು ಅಷ್ಟೇ ಸ್ಪಷ್ಟವಾಗಿ ಬರೆದವರು.

ಗಡಿಯೂರಿನ ಬಾಲ್ಯ

ಹನ್ನಾ ಹುಟ್ಟಿದ್ದು 1906ರ ಅಕ್ಟೋಬರ್ 14ರಂದು, ಜರ್ಮನಿಯ ಹ್ಯಾನೋವರ್ ನಗರಕ್ಕೆ ಅಂಟಿಕೊಂಡಿದ್ದ ಲಿಂಡೆನ್ ಎಂಬಲ್ಲಿ. ತಂದೆ ಪೌಲ್ ಇಂಜಿನಿಯರ್, ತಾಯಿ ಮಾರ್ಥಾ. ಬೆಳೆದದ್ದು ಪೂರ್ವ ಪ್ರಷ್ಯಾದ ಕೋನಿಗ್ಸ್‌ಬರ್ಗ್ ನಗರದಲ್ಲಿ. ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಬಾಳಿ ಬದುಕಿದ ಊರದು. ಜರ್ಮನಿಯ ಪೂರ್ವದ ಅಂಚಿನಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯದ ಗಡಿಗೆ ಸಮೀಪದಲ್ಲಿತ್ತು. 1913ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಮೊದಲ ಮಹಾಯುದ್ಧ ಆರಂಭವಾಗಿ ರಷ್ಯಾದ ಸೇನೆ ಸಮೀಪಿಸುತ್ತಿದೆಯೆಂಬ ಸುದ್ದಿ ಹಬ್ಬಿದಾಗ, ತಾಯಿ ಮಗಳನ್ನು ಕರೆದುಕೊಂಡು ಬರ್ಲಿನ್‌ಗೆ ಓಡಿದರು. ಕೆಲವು ವಾರಗಳಲ್ಲಿ ಊರಿಗೆ ಮರಳಿದರಾದರೂ, ಎಂಟು ತುಂಬುವ ಮೊದಲೇ ಬಾಲಕಿಗೆ ಯುದ್ಧಕ್ಕಂಜಿ ಮನೆ ಬಿಡುವುದೆಂದರೇನೆಂಬುದರ ಪರಿಚಯವಾಗಿತ್ತು.

ಶಾಲೆಯಲ್ಲಿ ಯಹೂದಿ ಮಕ್ಕಳನ್ನು ಹೀಯಾಳಿಸುವ ಮಾತುಗಳು ಕೇಳಿಬರುತ್ತಿದ್ದ ಕಾಲವದು. ಮಾರ್ಥಾ ತಮ್ಮ ಮಗಳಿಗೆ ಎರಡು ನಿಯಮಗಳನ್ನು ಮಾಡಿಕೊಟ್ಟಿದ್ದರು. ಅಧ್ಯಾಪಕರೇ ಯಹೂದಿಗಳನ್ನು ಅವಮಾನಿಸಿ ಮಾತನಾಡಿದರೆ ಕೂಡಲೇ ಎದ್ದು ತರಗತಿಯಿಂದ ಹೊರಟು ಮನೆಗೆ ಬಂದು, ನಡೆದುದನ್ನು ಇದ್ದಂತೆ ವರದಿ ಮಾಡಬೇಕು. ಉಳಿದುದನ್ನು ತಾಯಿ ಪತ್ರ ಬರೆದು ನೋಡಿಕೊಳ್ಳುವರು. ಸಹಪಾಠಿಗಳು ಅಂದರೆ ಮಾತ್ರ ಮನೆಗೆ ದೂರು ತರುವಂತಿಲ್ಲ. ಅದನ್ನು ಸ್ವತಃ ಎದುರಿಸಬೇಕು. ಅಧಿಕಾರವಿದ್ದವರ ಅನ್ಯಾಯಕ್ಕೆ ಹಿರಿಯರ ರಕ್ಷಣೆ, ಸಮಾನರ ಕುಚೋದ್ಯಕ್ಕೆ ಸ್ವಂತ ಧೈರ್ಯ ಎಂಬ ಈ ವಿಭಾಗದಿಂದ ತಮ್ಮ ಆತ್ಮಗೌರವ ಉಳಿಯಿತೆಂದು ಅರೆಂಟ್ ಮುಂದೆ ಕೃತಜ್ಞತೆಯಿಂದ ನೆನೆದರು. ಹದಿಹರೆಯದಲ್ಲಿ ತಮ್ಮನ್ನು ನೋಯಿಸಿದ ಅಧ್ಯಾಪಕರೊಬ್ಬರ ತರಗತಿಗೆ ಸಹಪಾಠಿಗಳಿಂದ ಬಹಿಷ್ಕಾರ ಹಾಕಿಸಿ ಶಾಲೆಯಿಂದ ಹೊರಹಾಕಲ್ಪಟ್ಟದ್ದೂ ಉಂಟು. ಖಾಸಗಿಯಾಗಿ ಓದಿ 1924ರಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು.

ಮಾರ್ಬರ್ಗ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಹೈಡೆಗರ್ ಅವರಲ್ಲಿ, ಅನಂತರ ಹೈಡಲ್‌ಬರ್ಗ್‌ನಲ್ಲಿ ಕಾರ್ಲ್ ಯಾಸ್ಪರ್ಸ್ ಅವರಲ್ಲಿ ತತ್ತ್ವಶಾಸ್ತ್ರವನ್ನು ಅಭ್ಯಾಸ ಮಾಡಿದರು. ಸಂತ ಅಗಸ್ಟೀನನ ಪ್ರೀತಿಯ ಪರಿಕಲ್ಪನೆಯನ್ನು ಕುರಿತ ಅವರ ಡಾಕ್ಟರೇಟ್ ಪ್ರಬಂಧ 1929ರಲ್ಲಿ ಪ್ರಕಟವಾಯಿತು. ನಾಲ್ಕೇ ವರ್ಷಗಳಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದನು. ಗುರು ಹೈಡೆಗರ್ ನಾಜಿ ಪಕ್ಷವನ್ನು ಸೇರಿದರು. ಶತ್ರುಗಳ ವರ್ತನೆಗಿಂತ ಸ್ನೇಹಿತರು ಗಾಳಿ ಬಂದತ್ತ ತೂರಿಕೊಂಡದ್ದೇ ಅರೆಂಟ್ ಅವರನ್ನು ಹೆಚ್ಚಾಗಿ ಗಾಸಿಗೊಳಿಸಿತು.

ಎರಡು ಬಾಗಿಲುಗಳ ಮನೆ

1933ರಲ್ಲಿ ಯಹೂದಿ ನಾಯಕ ಕುರ್ಟ್ ಬ್ಲೂಮೆನ್‌ಫೆಲ್ಡ್ ಅವರ ಕೋರಿಕೆಯಂತೆ, ಜರ್ಮನಿಯ ಸಂಘ ಸಂಸ್ಥೆಗಳಲ್ಲಿ ಯಹೂದಿ ದ್ವೇಷ ಹೇಗೆ ಹರಡಿದೆಯೆಂಬುದಕ್ಕೆ ಅರೆಂಟ್ ಬರ್ಲಿನ್ನಿನ ಪ್ರಷ್ಯನ್ ರಾಜ್ಯ ಗ್ರಂಥಾಲಯದಲ್ಲಿ ದಾಖಲೆಗಳನ್ನು ಕಲೆಹಾಕುತ್ತಿದ್ದರು. ಪೊಲೀಸರು ಅವರನ್ನು ಬಂಧಿಸಿ ಎಂಟು ದಿನ ಇರಿಸಿಕೊಂಡರು. ಬಿಡುಗಡೆಯಾದೊಡನೆ ತಾಯಿ ಮಗಳಿಬ್ಬರೂ ಪ್ರಯಾಣ ಪತ್ರಗಳಿಲ್ಲದೆಯೇ ಎರ್ಟ್ಸ್‌ಗೆಬಿರ್ಗೆ ಬೆಟ್ಟಸಾಲಿನ ದಾರಿ ಹಿಡಿದರು. ಅಲ್ಲೊಂದು ಮನೆಯ ಮುಂಬಾಗಿಲು ಜರ್ಮನಿಯಲ್ಲಿಯೂ ಹಿಂಬಾಗಿಲು ಜೆಕೊಸ್ಲೊವಾಕಿಯಾದಲ್ಲಿಯೂ ಇತ್ತು. ಹಗಲು ಮುಂಬಾಗಿಲಿನಿಂದ ಒಳಹೊಕ್ಕು, ಊಟ ಮುಗಿಸಿ, ಕತ್ತಲಾದ ಮೇಲೆ ಹಿಂಬಾಗಿಲಿನಿಂದ ಹೊರಬಿದ್ದಾಗ ಅವರು ನಿರಾಶ್ರಿತರಾಗಿದ್ದರು. ಗಡಿಯೆಂದರೆ ಭೂಪಟದ ಮೇಲಿನ ಗೆರೆ ಮಾತ್ರವಲ್ಲವೆಂಬುದನ್ನು ಗಡಿನಾಡಿನವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮ ಗಡಿಗಳನ್ನು ದಾಟಿದರೂ ನಾವು ಒಂದೇ ದೇಶದ ಪೌರರಾಗಿಯೇ ಉಳಿಯುತ್ತೇವೆ. ಅವರು ದಾಟಿದ ಹೊಸ್ತಿಲು ಆ ಭರವಸೆಯನ್ನೇ ಕಳೆಯಿತು.

ಪ್ಯಾರಿಸ್‌ನಲ್ಲಿ ಅರೆಂಟ್, ನಾಜಿ ಆಳ್ವಿಕೆಯಿಂದ ಪಾರಾದ ಯಹೂದಿ ಮಕ್ಕಳನ್ನು ತರಬೇತುಗೊಳಿಸಿ ಪ್ಯಾಲೆಸ್ತೀನಿಗೆ ಕಳುಹಿಸುತ್ತಿದ್ದ ಯೂತ್ ಆಲಿಯಾ ಎಂಬ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1935ರಲ್ಲಿ ಮಕ್ಕಳ ಒಂದು ತಂಡದ ಜತೆಗೆ ಸ್ವತಃ ಪ್ಯಾಲೆಸ್ತೀನಿಗೆ ಹೋಗಿ ಬಂದರು. ಮುಂದೆ ಜಿಯೋನಿಸ್ಟ್ ರಾಜಕಾರಣವನ್ನು ಅವರು ಟೀಕಿಸಿದ್ದು ಹೊರಗೆ ನಿಂತಲ್ಲ. ಅದರ ಒಂದು ಕೆಲಸಕ್ಕೆ ಹೆಗಲು ಕೊಟ್ಟವರಾಗಿ.

ಎರಡನೆಯ ಮಹಾಯುದ್ಧ ಆರಂಭವಾದಾಗ ವಿಚಿತ್ರವೊಂದು ಸಂಭವಿಸಿತು. ಯಹೂದಿಯೆಂದು ಜರ್ಮನಿ ಹೊರದಬ್ಬಿದ ಜನರನ್ನು ಜರ್ಮನರೆಂದು ಫ್ರಾನ್ಸ್ ಶಂಕಿಸಿತು. 1940ರ ಮೇ ತಿಂಗಳಲ್ಲಿ ಅರೆಂಟ್ ಅವರನ್ನು ಶತ್ರುದೇಶದವರ ಪಟ್ಟಿಯಲ್ಲಿ ಸೇರಿಸಿ, ಪಿರೆನೀಸ್ ಪರ್ವತಗಳ ಬುಡದಲ್ಲಿದ್ದ ಗೂರ್ಸ್ ಬಂಧನ ಶಿಬಿರಕ್ಕೆ ಕಳುಹಿಸಲಾಯಿತು. ಕೆಲವೇ ವಾರಗಳಲ್ಲಿ ಫ್ರಾನ್ಸ್ ಜರ್ಮನಿಗೆ ಸೋತು ಆಡಳಿತ ಅಸ್ತವ್ಯಸ್ತವಾದಾಗ, ಶಿಬಿರ ಬಿಡಲು ಸಿಕ್ಕ ಅಲ್ಪ ಅವಕಾಶವನ್ನು ಬಳಸಿಕೊಂಡು ಹೊರಬಂದ ಸಣ್ಣ ಗುಂಪಿನಲ್ಲಿ ಅವರಿದ್ದರು. ಉಳಿದವರಲ್ಲಿ ಅನೇಕರನ್ನು 1942ರಿಂದ ಆಶ್ವಿಟ್ಸ್ ಮೃತ್ಯುಶಿಬಿರಕ್ಕೆ ಸಾಗಿಸಲಾಯಿತು. ಗೆಳೆಯ ವಾಲ್ಟರ್ ಬೆಂಜಮಿನ್ 1940ರ ಸೆಪ್ಟೆಂಬರಿನಲ್ಲಿ ಸ್ಪೇನಿನ ಗಡಿಯ ಪೋರ್ಟ್‌ಬೋ ಎಂಬಲ್ಲಿ, ಮುಂದೆ ಹೋಗಲು ಬಿಡುವುದಿಲ್ಲವೆಂದು ತಿಳಿದು ಪ್ರಾಣ ಕಳೆದುಕೊಂಡರು. ಅವರು ಒಪ್ಪಿಸಿದ್ದ ಹಸ್ತಪ್ರತಿಯನ್ನು ಜೋಪಾನವಾಗಿ ಹೊತ್ತುಕೊಂಡು ಅರೆಂಟ್, ಪತಿ ಹೈನ್ರಿಶ್ ಬ್ಲೂಷರ್ ಅವರೊಡನೆ ಲಿಸ್ಬನ್ ಮಾರ್ಗವಾಗಿ 1941ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ತಲುಪಿದರು.

ಭಾಷೆಯೇ ಉಳಿದ ಮನೆ

ಮೂವತ್ತೈದರ ಹೊಸ್ತಿಲಲ್ಲಿ ಇಂಗ್ಲಿಷನ್ನು ಮೊದಲಿನಿಂದ ಕಲಿಯಬೇಕಾಯಿತು. ಭಾಷೆ ಕಲಿಯಲೆಂದೇ ಮ್ಯಾಸಚೂಸೆಟ್ಸ್‌ನ ಕುಟುಂಬವೊಂದರಲ್ಲಿ ಕೆಲಕಾಲ ಇದ್ದು ಬಂದರು. ಆದರೆ ಅವರಿಗೆ ಅಮೆರಿಕದಲ್ಲಿ ಮೊದಲು ವೇದಿಕೆ ಕೊಟ್ಟದ್ದು ನ್ಯೂಯಾರ್ಕಿನ ಆಫ್‌ಬೌ ಎಂಬ ಪತ್ರಿಕೆ. ನಿರಾಶ್ರಿತ ಯಹೂದಿಗಳು ತಮಗಾಗಿ ಜರ್ಮನ್ ಭಾಷೆಯಲ್ಲೇ ನಡೆಸುತ್ತಿದ್ದ ಪತ್ರಿಕೆಯದು. ತಾಯ್ನಾಡಿನ ಹೊರಗೆ ತಾಯ್ನುಡಿಯ ಪತ್ರಿಕೆಯೊಂದು ಎಷ್ಟು ಮಂದಿಗೆ ಮನೆಯಾಗಬಲ್ಲದು ಎಂಬುದು ನಮ್ಮ ಓದುಗರಿಗೆ ಗೊತ್ತಿರುವ ವಿಷಯವೇ ಆಗಿದೆ. ಅದರ ಅಂಕಣಗಳಲ್ಲಿ ಅವರು, ಹಿಟ್ಲರ್‌ನ ವಿರುದ್ಧ ಯಹೂದಿಗಳು ತಮ್ಮದೇ ಹೆಸರಿನ ಸೇನೆ ಕಟ್ಟಿ ಹೋರಾಡಬೇಕೆಂದು ವಾದಿಸಿದರು. ಯಹೂದಿಯೆಂದು ದಾಳಿಗೆ ಒಳಗಾದವರು ಯಹೂದಿಯಾಗಿಯೇ ಪ್ರತಿರೋಧಿಸಬೇಕೆಂಬುದು ಅವರ ನಿಲುವು.

1964ರಲ್ಲಿ ಜರ್ಮನ್ ದೂರದರ್ಶನಕ್ಕೆ ನೀಡಿದ ಸಂದರ್ಶನವೊಂದರಲ್ಲಿ, ಹಿಟ್ಲರ್‌ಗಿಂತ ಹಿಂದಿನ ಯೂರೋಪಿನಿಂದ ತಮ್ಮ ಪಾಲಿಗೆ ಉಳಿದದ್ದೇನೆಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರ ತಾಯ್ನುಡಿ ಎಂಬುದಾಗಿತ್ತು. ಹುಚ್ಚು ಹಿಡಿದದ್ದು ಜರ್ಮನ್ ಭಾಷೆಗಲ್ಲವೆಂಬುದು ಅವರ ಸಮಾಧಾನ. ಇಂಗ್ಲಿಷಿನಲ್ಲಿ ಜಗತ್ಪ್ರಸಿದ್ಧ ಗ್ರಂಥಗಳನ್ನು ಬರೆದರೂ, ಮನಸ್ಸಿನ ಆಳದಲ್ಲಿ ಬಾಯಿಪಾಠವಾಗಿ ನಿಂತ ಕವಿತೆಗಳು ಜರ್ಮನ್ ಭಾಷೆಯವೇ ಆಗಿದ್ದವು. ಅವರು ಬೆಳೆದ ಕೋನಿಗ್ಸ್‌ಬರ್ಗ್ ಅಷ್ಟರಲ್ಲಿ ಸೋವಿಯತ್ ರಷ್ಯಾದ ಕಲಿನಿನ್‌ಗ್ರಾಡ್ ಆಗಿತ್ತು. ಅಲ್ಲಿನ ಜರ್ಮನ್ ನಿವಾಸಿಗಳೇ ಹೊರಹಾಕಲ್ಪಟ್ಟು, ಬೀದಿಗಳಲ್ಲಿ ಆ ಭಾಷೆಯ ಸದ್ದಡಗಿತ್ತು.

1948ರ ಎಚ್ಚರಿಕೆ

1944ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಮೆರಿಕದ ಜಿಯೋನಿಸ್ಟರ ಸಮ್ಮೇಳನ ಇಡೀ ಪ್ಯಾಲೆಸ್ತೀನನ್ನು ಅವಿಭಜಿತ ಯಹೂದಿ ರಾಜ್ಯವನ್ನಾಗಿ ಮಾಡಬೇಕೆಂದು ನಿರ್ಣಯಿಸಿತು. ಅಲ್ಲಿ ತಲೆಮಾರುಗಳಿಂದ ಬಾಳುತ್ತಿದ್ದ ಅರಬ್ಬರ ಹೆಸರೂ ಆ ನಿರ್ಣಯದಲ್ಲಿ ಇರಲಿಲ್ಲ. ಅರೆಂಟ್ ಇದನ್ನು ಕಟುವಾಗಿ ವಿಮರ್ಶಿಸಿದರು. ನೆರೆಯವರನ್ನು ಬಿಟ್ಟು ದೂರದ ಮಹಾಶಕ್ತಿಗಳನ್ನು ನಂಬಿದ ನೆಲೆ ಭದ್ರವಾಗದೆಂಬುದು ಅವರ ವಾದವಾಗಿತ್ತು.

1947ರ ನವೆಂಬರ್ 29ರಂದು ವಿಶ್ವಸಂಸ್ಥೆ ಪ್ಯಾಲೆಸ್ತೀನಿನ ವಿಭಜನೆಗೆ ಒಪ್ಪಿಗೆ ನೀಡಿತು, ಕಾದಾಟ ಹೊತ್ತಿಕೊಂಡಿತು. 1948ರ ಏಪ್ರಿಲ್ 9ರಂದು ಜೆರುಸಲೇಂ ಸಮೀಪದ ದೇರ್ ಯಾಸೀನ್ ಹಳ್ಳಿಯಲ್ಲಿ ಯಹೂದಿ ಉಗ್ರ ಪಡೆಗಳು ನೂರಕ್ಕೂ ಹೆಚ್ಚು ಅರಬ್ ಗ್ರಾಮಸ್ಥರನ್ನು ಕೊಂದವು. ನಾಲ್ಕು ದಿನಗಳ ಅನಂತರ ಹದಾಸಾ ಆಸ್ಪತ್ರೆಗೆ ಹೊರಟಿದ್ದ ವಾಹನಗಳ ಸಾಲಿನ ಮೇಲೆ ಅರಬ್ ಪಡೆಗಳು ದಾಳಿ ಮಾಡಿ ವೈದ್ಯರು, ದಾದಿಯರು ಸೇರಿದಂತೆ ಎಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದವು. ಆ ವಸಂತದಲ್ಲಿ ಅರೆಂಟ್, ಜೆರುಸಲೇಂನ ಹೀಬ್ರೂ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಜೂಡಾ ಮ್ಯಾಗ್ನೆಸ್ ಅವರೊಡನೆ ನಿಂತರು. ವಿಭಜನೆ ಬೇಡ, ಸದ್ಯಕ್ಕೆ ವಿಶ್ವಸಂಸ್ಥೆಯ ಉಸ್ತುವಾರಿ ಇರಲಿ, ಊರೂರಿನಲ್ಲಿ ಯಹೂದಿ ಮತ್ತು ಅರಬ್ಬರು ಜತೆಗೂಡಿದ ಸ್ಥಳೀಯ ಆಡಳಿತ ಮಂಡಳಿಗಳು ಕೆಲಸ ಮಾಡಲಿ ಎಂಬುದು ಅವರ ಸಲಹೆ. ಯಹೂದಿಗಳು ಯುದ್ಧವನ್ನು ಗೆದ್ದರೂ ಸುತ್ತಲೂ ವೈರಿಗಳಿಂದ ಆವೃತರಾಗಿ ಸದಾ ಆತ್ಮರಕ್ಷಣೆಯ ಚಿಂತೆಯಲ್ಲೇ ಬಾಳಬೇಕಾದೀತು. ಲೋಕದ ಇತರೆಡೆ ಚದುರಿರುವ ಯಹೂದಿ ಸಮುದಾಯಗಳಿಂದಲೂ ಅವರು ಬೇರೆಯಾದಾರು ಎಂದು ಎಚ್ಚರಿಸಿದರು.

ಅವರ ಮಾತನ್ನು ಕೇಳುವವರು ವಿರಳರಾಗಿದ್ದರು. 1948ರ ಮೇ 14ರಂದು ಇಸ್ರೇಲ್ ಘೋಷಣೆಯಾಯಿತು. ನೆರೆಯ ಅರಬ್ ದೇಶಗಳ ಸೇನೆಗಳು ಯುದ್ಧಕ್ಕಿಳಿದವು. ವಿಶ್ವಸಂಸ್ಥೆಯ ಸಂಧಾನಕಾರ ಫೋಕ್ ಬರ್ನಡೋಟ್ ಅವರನ್ನು ಸೆಪ್ಟೆಂಬರಿನಲ್ಲಿ ಯಹೂದಿ ಉಗ್ರರು ಕೊಂದರು. ಮ್ಯಾಗ್ನೆಸ್ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ನಿಧನರಾದರು. ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆಮಠ ಬಿಟ್ಟು ಲೆಬನಾನ್, ಜೋರ್ಡಾನ್, ಸಿರಿಯಾ, ಗಾಜಾಗಳ ಶಿಬಿರಗಳನ್ನು ಸೇರಿದರು. ಯುದ್ಧದ ಇನ್ನೊಂದು ಹೊಡೆತ ಅರಬ್ ದೇಶಗಳ ಯಹೂದಿಗಳ ಮೇಲೆ ಬಿತ್ತು. ಶತಮಾನಗಳಿಂದ ಅರಬ್ಬಿಯನ್ನೇ ಮನೆಮಾತಾಗಿ ಆಡುತ್ತಿದ್ದ ಇರಾಕಿನ ಸುಮಾರು 1,20,000 ಯಹೂದಿಗಳು 1950 ಮತ್ತು 1951ರಲ್ಲಿ ಪೌರತ್ವ ಕಳೆದುಕೊಂಡು ದೇಶ ತೊರೆದರು. ಕದನವಾಡಿದವರಲ್ಲದ ಬಾಗ್ದಾದಿನ ವ್ಯಾಪಾರಿಯೂ ಯಾಫಾದ ತೋಟಗಾರನೂ ಒಂದೇ ಯುದ್ಧಕ್ಕೆ ಬೆಲೆ ತೆತ್ತರು.

ಹಕ್ಕಿಗೂ ಒಂದು ನೆಲೆ ಬೇಕು

ಈ ಅನುಭವಗಳೆಲ್ಲ 1951ರಲ್ಲಿ ಪ್ರಕಟವಾದ 'ದಿ ಒರಿಜಿನ್ಸ್ ಆಫ್ ಟೋಟಲಿಟೇರಿಯನಿಸಂ' ಎಂಬ ಮಹಾಗ್ರಂಥದಲ್ಲಿ ಹರಳುಗಟ್ಟಿದವು. ಮನುಷ್ಯನಾಗಿ ಹುಟ್ಟಿದ ಮಾತ್ರಕ್ಕೆ ಹಕ್ಕುಗಳು ತಾನಾಗಿ ಸಿಗುತ್ತವೆಂಬ ನಂಬಿಕೆ ಯೂರೋಪಿನಲ್ಲಿ ಕುಸಿದು ಬಿದ್ದುದನ್ನು ಅವರು ಅಲ್ಲಿ ವಿವರಿಸಿದರು. ಪೌರತ್ವ ಕಳೆದುಕೊಂಡವನಿಗಿಂತ ಕಳ್ಳನ ಸ್ಥಿತಿಯೇ ಮೇಲು. ಏಕೆಂದರೆ ಕಳ್ಳನಿಗೆ ಕಾನೂನಿನಲ್ಲಿ ಒಂದು ಸ್ಥಾನವಿದೆ, ವಕೀಲನಿದ್ದಾನೆ, ವಿಚಾರಣೆಯಿದೆ. ಆದ್ದರಿಂದ ಬೇರೆಲ್ಲ ಹಕ್ಕುಗಳಿಗಿಂತ ಮೊದಲು, ತನ್ನ ಮಾತಿಗೆ ಬೆಲೆಯಿರುವ ಒಂದು ಸಮುದಾಯಕ್ಕೆ ಸೇರಿರುವ ಹಕ್ಕು ಬೇಕು.

ಅಲ್ಪಸಂಖ್ಯಾತರಿಗೆ ಕಾಗದದ ಮೇಲೆ ದೊರೆತ ಭರವಸೆಗಳ ಗತಿಯನ್ನೂ ಅವರು ಪರಿಶೀಲಿಸಿದರು. ಮೊದಲ ಮಹಾಯುದ್ಧದ ಬಳಿಕ, 1919ರಲ್ಲಿ, ಪೋಲೆಂಡ್ ಸಹಿ ಹಾಕಿದ ಒಪ್ಪಂದದಲ್ಲಿ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಶಾಲೆಗಳಲ್ಲಿ ಅವರವರ ಭಾಷೆಯಲ್ಲೇ ಬೋಧನೆ ಎಂಬ ವಿಧಿಯಿತ್ತು. 1934ರಲ್ಲಿ ಪೋಲೆಂಡ್ ಆ ಒಪ್ಪಂದದ ಹೊಣೆಯಿಂದ ಹಿಂದೆ ಸರಿಯಿತು. ಜಿನೀವಾದಲ್ಲಿದ್ದ ರಾಷ್ಟ್ರಗಳ ಒಕ್ಕೂಟ ಅದನ್ನು ತಡೆಯಲಾರದೆ ಹೋಯಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆನ್ನುವ ನಮ್ಮ ಸಂವಿಧಾನದ 350ಎ ವಿಧಿ, 1956ರಲ್ಲಿ ಸೇರ್ಪಡೆಯಾದದ್ದು. ಅದು ಹೊರಗಿನವರು ಹೇರಿದ ಒಪ್ಪಂದವಲ್ಲ. ನಮ್ಮದೇ ಗಣರಾಜ್ಯ ತನ್ನ ಪೌರರಿಗೆ ಕೊಟ್ಟ ಮಾತು. ಅದಕ್ಕಾಗಿ ಅರ್ಜಿ ಬರೆಯಲು, ಸಭೆ ಸೇರಲು, ನ್ಯಾಯಾಲಯದ ಮೆಟ್ಟಿಲೇರಲು ನಮಗೆ ದಾರಿಯಿದೆ. ಅರೆಂಟ್ ಅವರನ್ನು ಓದಿದಾಗ ನಮ್ಮ ಕೊರತೆಗಳ ಜತೆಗೆ ನಮ್ಮ ಈ ಭಾಗ್ಯವೂ ಕಾಣುತ್ತದೆ.

ಅದೇ ಗ್ರಂಥದಲ್ಲಿ ಅವರು ಪ್ಯಾಲೆಸ್ತೀನಿನ ಬಗೆಗೆ ನೇರವಾಗಿ ಬರೆದರು. ಯಹೂದಿಗಳ ಪ್ರಶ್ನೆಗೆ ಭೂಮಿಯನ್ನು ಗೆದ್ದು ಪರಿಹಾರ ಕಂಡುಕೊಂಡದ್ದರಿಂದ ನಿರಾಶ್ರಿತರ ಸಮಸ್ಯೆ ಮುಗಿಯಲಿಲ್ಲ; ಅರಬ್ಬರೆಂಬ ಹೊಸ ನಿರಾಶ್ರಿತ ವರ್ಗವೊಂದು ಸೃಷ್ಟಿಯಾಯಿತು. ಪ್ಯಾಲೆಸ್ತೀನಿನ ಪುಟ್ಟ ಭೂಭಾಗದಲ್ಲಿ ನಡೆದದ್ದೇ ಭಾರತದ ವಿಭಜನೆಯಲ್ಲಿ ಕೋಟ್ಯಂತರ ಜನರ ಪ್ರಮಾಣದಲ್ಲಿ ಮರುಕಳಿಸಿತೆಂದೂ ಅವರು ಗುರುತಿಸಿದರು. ಆ ವರ್ಷದ ಡಿಸೆಂಬರಿನಲ್ಲಿ ಅವರಿಗೆ ಅಮೆರಿಕದ ಪೌರತ್ವ ದೊರೆಯಿತು.

ತಮ್ಮವರ ಮುನಿಸು

1961ರಲ್ಲಿ ನಾಜಿ ಅಧಿಕಾರಿ ಅಡಾಲ್ಫ್ ಐಕ್‌ಮನ್‌ನ ವಿಚಾರಣೆ ಜೆರುಸಲೇಂನಲ್ಲಿ ನಡೆಯಿತು. ಲಕ್ಷಾಂತರ ಯಹೂದಿಗಳನ್ನು ಮೃತ್ಯುಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ಮಾಡಿದ್ದವನವನು. ನ್ಯೂಯಾರ್ಕರ್ ಪತ್ರಿಕೆಗಾಗಿ ಅದನ್ನು ವರದಿ ಮಾಡಿದ ಅರೆಂಟ್, ಅವನಲ್ಲಿ ರಾಕ್ಷಸನನ್ನಲ್ಲ, ವಿಚಾರಿಸಿ ನೋಡುವುದನ್ನೇ ಕೈಬಿಟ್ಟ ಸಾಧಾರಣ ನೌಕರನನ್ನು ಕಂಡರು. ನಾಜಿಗಳ ಆಜ್ಞೆಗಳನ್ನು ಕೆಲವು ಯಹೂದಿ ಮಂಡಳಿಗಳು ಪಾಲಿಸಿದುದನ್ನೂ ಮುಚ್ಚಿಡದೆ ಬರೆದರು. 1963ರಲ್ಲಿ 'ಐಕ್‌ಮನ್ ಇನ್ ಜೆರುಸಲೇಂ' ಪುಸ್ತಕ ಬಂದೊಡನೆ ಅಮೆರಿಕದಿಂದ ಇಸ್ರೇಲಿನವರೆಗೆ ಯಹೂದಿ ಸಮುದಾಯ ಅವರ ಮೇಲೆ ಮುಗಿಬಿತ್ತು. ದುರಂತವನ್ನು ಕಂಡು ಬದುಕುಳಿದವರ ನೋವು ಅದರಲ್ಲಿತ್ತು. ಅವರ ಬರಹದ ಧಾಟಿ ನಿಷ್ಠುರವಾಗಿತ್ತೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹಳೆಯ ಮಿತ್ರ ಬ್ಲೂಮೆನ್‌ಫೆಲ್ಡ್ ಮುನಿಸಿನಲ್ಲೇ ತೀರಿಕೊಂಡರು. ವಿದ್ವಾಂಸ ಗೆರ್ಶೋಮ್ ಶೋಲೆಮ್, ಅರೆಂಟ್ ಅವರಿಗೆ ತಮ್ಮ ಜನರ ಮೇಲೆ ಪ್ರೀತಿಯಿಲ್ಲವೆಂದು ದೂರಿದರು. ತಾವು ಪ್ರೀತಿಸುವುದು ವ್ಯಕ್ತಿಗಳನ್ನೇ ಹೊರತು ಒಂದಿಡೀ ಜನಾಂಗವನ್ನಲ್ಲ, ಯಹೂದಿಯಾಗಿರುವುದು ತಮ್ಮ ಬದುಕಿನ ಪ್ರಶ್ನಾತೀತ ಸತ್ಯ ಎಂದು ಅವರು ಉತ್ತರಿಸಿದರು. ಆ ಪುಸ್ತಕ ಹೀಬ್ರೂ ಭಾಷೆಗೆ ಅನುವಾದವಾಗಿ ಬಂದದ್ದು 2000ದಲ್ಲಿ.

ಹಾಗೆಂದು ಅವರು ತಮ್ಮವರಿಂದ ದೂರ ಸರಿದರೆಂದು ತಿಳಿಯಬಾರದು. ಇಸ್ರೇಲಿಗೆ ಒದಗುವ ಯಾವುದೇ ಮಹಾವಿಪತ್ತು ಬೇರೆಲ್ಲಕ್ಕಿಂತಲೂ ಆಳವಾಗಿ ತಮ್ಮನ್ನು ತಟ್ಟುವುದೆಂದು ಗೆಳತಿ ಮೇರಿ ಮೆಕಾರ್ಥಿ ಅವರಿಗೆ ಪತ್ರದಲ್ಲಿ ಬರೆದವರು ಇದೇ ಅರೆಂಟ್. 1967 ಮತ್ತು 1973ರ ಯುದ್ಧಗಳ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಕುಳಿತು ಕಳವಳಪಟ್ಟರು. ಟೀಕೆ ಮತ್ತು ಕಳವಳ ಒಂದೇ ಮನಸ್ಸಿನಲ್ಲಿದ್ದವು. ಒಂದು ಇನ್ನೊಂದನ್ನು ಸುಳ್ಳಾಗಿಸಲಿಲ್ಲ.

1975ರ ಡಿಸೆಂಬರ್ 4ರ ಸಂಜೆ, ತಮ್ಮ ಮನೆಗೆ ಬಂದ ಅತಿಥಿಗಳೊಡನೆ ಮಾತನಾಡುತ್ತಿರುವಾಗಲೇ ಹೃದಯಾಘಾತದಿಂದ ಅವರು ನಿಧನರಾದರು. ವಿವೇಚನೆಯನ್ನು ಕುರಿತ ಹೊಸ ಭಾಗದ ತಲೆಬರಹವಿದ್ದ ಹಾಳೆಯೊಂದು ಬೆರಳಚ್ಚು ಯಂತ್ರದಲ್ಲಿತ್ತು. ನ್ಯೂಯಾರ್ಕ್ ರಾಜ್ಯದ ಬಾರ್ಡ್ ಕಾಲೇಜಿನ ಸ್ಮಶಾನದಲ್ಲಿ, ಪತಿಯ ಪಕ್ಕದಲ್ಲಿ ಅವರ ಸಮಾಧಿಯಿದೆ.

ಅವರ ಹೆಸರಿನಲ್ಲೇ ಜರ್ಮನಿಯ ಬ್ರೆಮೆನ್ ನಗರದಲ್ಲಿ ಪ್ರಶಸ್ತಿಯೊಂದನ್ನು ನೀಡಲಾಗುತ್ತದೆ. 2023ರಲ್ಲಿ ಅದು ಮಾಶಾ ಗೆಸ್ಸೆನ್ ಎಂಬ ಯಹೂದಿ ಲೇಖಕರಿಗೆ ಸಂದಿತು. ಗೆಸ್ಸೆನ್ ಗಾಜಾವನ್ನು ನಾಜಿ ಕಾಲದ ಯಹೂದಿ ಕೇರಿಗಳಿಗೆ ಹೋಲಿಸಿ ಬರೆದುದಕ್ಕಾಗಿ ಹೈನ್ರಿಶ್ ಬೋಲ್ ಪ್ರತಿಷ್ಠಾನವೂ ನಗರಾಡಳಿತವೂ ಸಮಾರಂಭದಿಂದ ಹಿಂದೆ ಸರಿದವು; ಪೊಲೀಸ್ ಕಾವಲಿನಲ್ಲಿ ಚಿಕ್ಕ ಸಭೆಯೊಂದರಲ್ಲಿ ಪ್ರಶಸ್ತಿ ಪ್ರದಾನವಾಯಿತು. ಆ ಹೋಲಿಕೆಯನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಅರೆಂಟ್ ಇಂದು ಬದುಕಿದ್ದರೆ ಅವರ ಹೆಸರಿನ ಪ್ರಶಸ್ತಿ ಅವರಿಗೇ ದಕ್ಕುತ್ತಿತ್ತೇ ಎಂದು ಕೇಳಿದವರೂ ಇದ್ದರು.

ಯುದ್ಧದ ಸುದ್ದಿ ನಮ್ಮ ಮನೆಗಳಿಗೂ ಮೊಬೈಲಿನ ಮೂಲಕ ಬರುತ್ತದೆ. ಅದರೊಡನೆ ಇಡೀ ಜನಾಂಗವನ್ನು ಅಪರಾಧಿಯಾಗಿ ನಿಲ್ಲಿಸುವ ಮಾತುಗಳೂ ಬರುತ್ತವೆ. ಅಂಥ ಮಾತುಗಳನ್ನು ಮಕ್ಕಳು ತರಗತಿಗೆ ಹೊತ್ತು ತರುವುದನ್ನು ಅಧ್ಯಾಪಕರಾಗಿ ನಾವು ಕಾಣುತ್ತೇವೆ. ಯಾವ ದೇಶ, ಯಾವ ಪಡೆ, ಯಾರ ಆಜ್ಞೆ ಎಂದು ಬಿಡಿಸಿ ಕೇಳಲು ಮಕ್ಕಳಿಗೆ ಕಲಿಸುವುದು ಅಧ್ಯಾಪಕರ ಕೆಲಸವೂ ಹೌದು, ಹೆತ್ತವರ ಕೆಲಸವೂ ಹೌದು. ಮಾರ್ಥಾ ಅರೆಂಟ್ ತಮ್ಮ ಮಗಳಿಗೆ ಕೊಟ್ಟ ನಿಯಮದಂತೆ, ಹಾಗೆ ಕೇಳಬೇಕಾದವರು ಅಧ್ಯಾಪಕರೇ ತಪ್ಪಿ ನಡೆದರೆ ಮನೆಯಿಂದ ಒಂದು ಪತ್ರ ಬರಲಿ.